ಬೇಲಿಯ ಆರೈಕೆ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಯನ್ನು ಹಿಂದೆ ಎಡೆದೊರೆ ನಾಡು ಎಂದು ಕರೆಯುತ್ತಿದ್ದರು. ಎರಡು ಹೊಳೆಗಳ ನಡುವಿನ ನಾಡು ಎಂಬುದು ಆ ಹೆಸರಿನ ಅರ್ಥ. ಈ ನಾಡಿನ ಒಳಭಾಗದಲ್ಲಿ, ಮಾನ್ವಿ ಮತ್ತು ಸಿರವಾರಗಳ ಸುತ್ತಿನಲ್ಲಿ, ಮಲ್ಲಟದಂಥ ಊರುಗಳಿವೆ. ಎರೆಯ ಹೊಲಗಳು, ನಡುನಡುವೆ ಕೆಂಪು ಮಣ್ಣಿನ ಮಸಾರಿ, ಕಾಲುವೆಯ ನೀರು ಸಿಕ್ಕಿದಲ್ಲಿ ಭತ್ತ, ಸಿಕ್ಕದಲ್ಲಿ ಬಿಳಿಜೋಳ, ಹತ್ತಿ, ತೊಗರಿ. ಇಲ್ಲಿ ಒಬ್ಬನ ಹೊಲ ಎಲ್ಲಿ ಮುಗಿಯಿತು, ಇನ್ನೊಬ್ಬನದು ಎಲ್ಲಿ ಮೊದಲಾಯಿತು ಎಂಬುದನ್ನು ತಿಳಿಸುವುದು ಬದು. ತೋಟ, ಹಿತ್ತಿಲು, ದನದ ದೊಡ್ಡಿ ಮತ್ತು ಶಾಲೆಯ ಕೈತೋಟಗಳಿಗೆ ಬದುವಿನ ಗುರುತು ಸಾಲದು. ಅವಕ್ಕೆ ಬೇಲಿ ಬೇಕು.

ಬೇಲಿಯಲ್ಲಿ ಎರಡು ಬಗೆ. ಜಾಲಿಯ ಮುಳ್ಳುಕೊಂಬೆಗಳನ್ನು ಕಡಿದು ತಂದು, ಕವೆಗೋಲಿನಿಂದ ಒತ್ತಿ ಒತ್ತಿ ಒಟ್ಟುವುದು ಒಣ ಬೇಲಿ. ಅದು ಒಂದೇ ದಿನದಲ್ಲಿ ಸಿದ್ಧವಾಗುತ್ತದೆ, ಒಂದೆರಡು ವರ್ಷದಲ್ಲಿ ಗೆದ್ದಲಿಗೆ ಆಹಾರವಾಗುತ್ತದೆ. ಗಿಡಗಳನ್ನು ಸಾಲಾಗಿ ನೆಟ್ಟು ಬೆಳೆಸುವುದು ಹಸಿರು ಬೇಲಿ. ಇದು ಸಿದ್ಧವಾಗಲು ಎರಡು ಮೂರು ವರ್ಷ ಬೇಕು. ಆಮೇಲೆ ನೆಟ್ಟವನ ಮಕ್ಕಳ ಕಾಲಕ್ಕೂ ನಿಲ್ಲುತ್ತದೆ. ಆದರೆ ಒಣ ಬೇಲಿಯನ್ನು ಒಟ್ಟಿ ಮರೆತುಬಿಡಬಹುದು, ಹಸಿರು ಬೇಲಿಯನ್ನು ಮರೆಯುವಂತಿಲ್ಲ. ಅದು ಜೀವವಿರುವ ವಸ್ತು. ಮೇಲಕ್ಕೆ ಚಿಗುರುತ್ತದೆ, ಅಡ್ಡಲಾಗಿ ಚಾಚುತ್ತದೆ, ಹೂವು ಕಾಯಿ ಬಿಡುತ್ತದೆ. ಅದನ್ನು ಆಗಾಗ ಸವರಬೇಕು. ಈ ‘ಆಗಾಗ’ ಎಂದರೆ ಎಷ್ಟು ದಿನಕ್ಕೊಮ್ಮೆ?

ಈ ಪ್ರಶ್ನೆಗೆ ಪಟ್ಟಣದ ತೋಟದವನು ಒಂದು ಉತ್ತರವನ್ನು ಹೇಳುತ್ತಾನೆ, ಹೊಲದ ರೈತ ಇನ್ನೊಂದನ್ನು ಹೇಳುತ್ತಾನೆ. ಬೆಂಗಳೂರಿನ ಲಾಲ್‌ಬಾಗಿನಂಥ ಉದ್ಯಾನಗಳಲ್ಲಿ ದಾರಿಯ ಅಂಚಿನ ಗಿಡದ ಸಾಲು ಗೋಡೆಯಂತೆ ನೇರವಾಗಿರಬೇಕು. ಅಲ್ಲಿ ಮಳೆಗಾಲದಲ್ಲಿ ಕತ್ತರಿಗೆ ಬಿಡುವೇ ಇರುವುದಿಲ್ಲ. ಹೊಲದ ರೈತನಾದರೋ ಬೇಲಿಯ ಕೊಂಬೆ ತನ್ನ ರುಮಾಲಿಗೆ ಸಿಕ್ಕಿಕೊಂಡ ದಿನ ಕುಡುಗೋಲು ಹುಡುಕುತ್ತಾನೆ. ಇಬ್ಬರೂ ತಮ್ಮ ತಮ್ಮ ಕೆಲಸಕ್ಕೆ ತಕ್ಕಂತೆ ನಡೆಯುತ್ತಾರೆ. ಆದರೆ ಗಿಡದ ಸ್ವಭಾವವನ್ನೂ ಊರಿನ ಮಳೆಯನ್ನೂ ಕೇಳದೆ ಕತ್ತರಿ ಹಿಡಿದರೆ ಇಬ್ಬರಿಗೂ ನಷ್ಟವುಂಟು.

ಮೊದಲು ಗಿಡದ ಸ್ವಭಾವವನ್ನು ನೋಡೋಣ. ಪ್ರತಿಯೊಂದು ಕೊಂಬೆಯ ತುದಿಯಲ್ಲಿ ಒಂದು ಮೊಗ್ಗು ಇರುತ್ತದೆ. ಎಲೆಗಳ ಕಂಕುಳಲ್ಲಿಯೂ ಸಣ್ಣ ಮೊಗ್ಗುಗಳು ಇರುತ್ತವೆ, ಆದರೆ ಅವು ಮಲಗಿರುತ್ತವೆ. ತುದಿಯ ಮೊಗ್ಗು ಇರುವವರೆಗೆ ಅವು ಏಳುವುದಿಲ್ಲ. ತುದಿಯನ್ನು ಚಿವುಟಿದ ಕೆಲವೇ ದಿನಗಳಲ್ಲಿ ಕೆಳಗಿನ ಎರಡು ಮೂರು ಮೊಗ್ಗುಗಳು ಕಣ್ಣು ತೆರೆದು, ಒಂದು ಕೊಂಬೆ ಇದ್ದಲ್ಲಿ ಎರಡು ಮೂರು ಕೊಂಬೆಗಳು ಹುಟ್ಟುತ್ತವೆ. ತುಳಸಿಯ ಕುಡಿಯನ್ನು ಚಿವುಟುವ ಮನೆಯ ಹೆಂಗಸರಿಗೆ ಇದು ಬಹು ಹಿಂದಿನಿಂದ ತಿಳಿದ ಸಂಗತಿ. ಇದರ ಕಾರಣ ತಿಳಿದದ್ದು ತಡವಾಗಿ. 1930ರ ದಶಕದ ಆರಂಭದಲ್ಲಿ ಕೆನೆತ್ ತೀಮನ್ ಮತ್ತು ಫೋಕೆ ಸ್ಕೂಗ್ ಎಂಬ ವಿಜ್ಞಾನಿಗಳು ಅವರೆಯ ಜಾತಿಯ ಒಂದು ಗಿಡದ ತುದಿಯನ್ನು ಕತ್ತರಿಸಿ, ಗಾಯದ ಮೇಲೆ ಆಕ್ಸಿನ್ ಎಂಬ ಹಾರ್ಮೋನನ್ನು ಇಟ್ಟು ನೋಡಿದರು. ತುದಿ ಇಲ್ಲದಿದ್ದರೂ ಪಕ್ಕದ ಮೊಗ್ಗುಗಳು ಏಳಲಿಲ್ಲ. ತುದಿಯಿಂದ ಇಳಿದು ಬರುವ ಈ ಹಾರ್ಮೋನೇ ಪಕ್ಕದ ಮೊಗ್ಗುಗಳನ್ನು ತಡೆದಿರಿಸುತ್ತದೆ ಎಂದು ಇದರಿಂದ ಗೊತ್ತಾಯಿತು. 2014ರಲ್ಲಿ ಪ್ರಕಟವಾದ ಪ್ರಯೋಗಗಳು ಇದಕ್ಕೆ ಇನ್ನೊಂದು ಕಾರಣವನ್ನು ಸೇರಿಸಿದವು: ಬೆಳೆಯುವ ತುದಿಯು ಸಕ್ಕರೆಯನ್ನೆಲ್ಲ ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ತುದಿ ಹೋದ ಕೂಡಲೆ ಆ ಸಕ್ಕರೆ ಹಸಿದ ಪಕ್ಕದ ಮೊಗ್ಗುಗಳಿಗೆ ಸಿಕ್ಕಿ ಅವು ಎಚ್ಚರಗೊಳ್ಳುತ್ತವೆ.

ಬೇಲಿಯ ವಿದ್ಯೆಯೆಲ್ಲ ಇದರಲ್ಲಿದೆ. ಬೇಲಿ ಎತ್ತರವಾಗಲಿ ಎಂದು ಹೊಸ ಗಿಡಗಳನ್ನು ಮುಟ್ಟದೆ ಬಿಡುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಬಿಟ್ಟ ಗಿಡ ಕೋಲಿನಂತೆ ಮೇಲೇರುತ್ತದೆ, ಬುಡ ಬೋಳಾಗಿ ಉಳಿಯುತ್ತದೆ. ಆಳೆತ್ತರದ ಬೇಲಿ ನೋಡಲು ಭದ್ರವಾಗಿ ಕಂಡರೂ ಆಡಿನ ಮರಿಗೆ ಬೇಕಾದದ್ದು ನೆಲದಿಂದ ಒಂದು ಮೊಳ ಎತ್ತರದ ಕಂಡಿ ಮಾತ್ರ. ಆದುದರಿಂದ ನೆಟ್ಟ ಮೊದಲ ಮಳೆಗಾಲದಲ್ಲಿ, ಗಿಡ ಬೇರು ಬಿಟ್ಟು ಚಿಗುರಿದೊಡನೆ, ಅದನ್ನು ಒಂದು ಗೇಣಿಗೆ ತುಂಡರಿಸಬೇಕು. ಆಸೆಯಿಂದ ನೆಟ್ಟ ಗಿಡವನ್ನು ಹೀಗೆ ಕತ್ತರಿಸಲು ಕೈ ಬಾರದು. ಆದರೂ ಕತ್ತರಿಸಲೇಬೇಕು. ಬುಡದಿಂದ ನಾಲ್ಕಾರು ಕವಲುಗಳು ಹೊರಟ ಮೇಲೆ, ಅವು ಮತ್ತೆ ಒಂದು ಗೇಣು ಬೆಳೆದಾಗ ಅದರಲ್ಲಿ ಅರ್ಧವನ್ನು ತೆಗೆಯಬೇಕು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಿದ ಬೇಲಿ ಬೇಕಾದ ಎತ್ತರಕ್ಕೆ ಬರಲು ಒಂದು ವರ್ಷ ಹೆಚ್ಚು ಹಿಡಿಯಬಹುದು. ಅದರ ಬುಡದಲ್ಲಿ ಮಾತ್ರ ಕೋಳಿಯೂ ನುಸುಳುವುದಿಲ್ಲ.

ಆಕಾರದ ವಿಷಯದಲ್ಲಿ ಒಂದು ಮಾತು. ಬೇಲಿಯ ಬುಡ ಅಗಲವಾಗಿ, ನೆತ್ತಿ ಕಿರಿದಾಗಿ ಇರಬೇಕು. ಜೋಳದ ಸೊಪ್ಪೆಯ ಬಣವೆ ಹೇಗಿರುತ್ತದೆಯೋ ಹಾಗೆ. ನೆತ್ತಿಯನ್ನು ಅಗಲ ಬಿಟ್ಟರೆ ಅದರ ನೆರಳು ಬುಡದ ಮೇಲೆ ಬಿದ್ದು, ಬಿಸಿಲು ಕಾಣದ ಕೆಳಕೊಂಬೆಗಳು ಒಂದೊಂದಾಗಿ ಒಣಗುತ್ತವೆ. ಒಮ್ಮೆ ಒಣಗಿದ ಬುಡ ಮತ್ತೆ ತುಂಬಿಕೊಳ್ಳುವುದು ಕಷ್ಟ.

ಇನ್ನು ಮಳೆಯ ಮಾತು. ಸವರುವ ಕಾಲವನ್ನು ನಿರ್ಣಯಿಸುವುದು ಮುಖ್ಯವಾಗಿ ಇದೇ. ತಂಪು ದೇಶಗಳ ತೋಟಗಾರಿಕೆಯ ಪುಸ್ತಕಗಳಲ್ಲಿ ವಸಂತದಲ್ಲಿ ಒಮ್ಮೆ, ಬೇಸಿಗೆಯ ಕೊನೆಯಲ್ಲಿ ಒಮ್ಮೆ ಬೇಲಿಯನ್ನು ಕತ್ತರಿಸಬೇಕೆಂದು ಬರೆದಿರುತ್ತದೆ. ಅಲ್ಲಿಯ ಬೇಸಿಗೆ ಎಂದರೆ ಗಿಡಗಳು ಸೊಂಪಾಗಿ ಬೆಳೆಯುವ ಕಾಲ. ರಾಯಚೂರಿನ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಎರೆಮಣ್ಣು ಬಾಯಿ ಬಿಟ್ಟು ಗಿಡದ ಬೇರುಗಳನ್ನೇ ಹರಿಯುತ್ತದೆ. ವರ್ಷಕ್ಕೆ ಬೀಳುವ ಸುಮಾರು 600 ಮಿಲಿಮೀಟರಿಗಿಂತ ಕೊಂಚ ಹೆಚ್ಚಿನ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗಿನ ಐದು ತಿಂಗಳಲ್ಲಿಯೇ ಸುರಿದು ಹೋಗುತ್ತದೆ. ಗಿಡದ ಬೆಳವಣಿಗೆಯೂ ಆ ಐದು ತಿಂಗಳಲ್ಲಿಯೇ. ಹೀಗಿರುವಾಗ ಆ ಪುಸ್ತಕಗಳ ತಿಂಗಳನ್ನು ಇಲ್ಲಿಗೆ ತಂದರೆ ನಡೆಯುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಬೇಲಿಯನ್ನು ನುಣ್ಣಗೆ ಕತ್ತರಿಸಿದರೆ ಒಳಗಿನ ಎಳೆಯ ತೊಗಟೆ ಬಿಸಿಲಿಗೆ ಸುಡುತ್ತದೆ, ಚಿಗುರಿಸಲು ಗಿಡಕ್ಕೆ ನೀರಿರುವುದಿಲ್ಲ. ಬೇಸಿಗೆಯಲ್ಲಿ ಬೇಲಿಯ ಮೇಲಿನ ಧೂಳು ಹಿಡಿದ ಹಳೆಯ ಎಲೆಗಳೇ ಅದಕ್ಕೆ ಕೊಡೆ.

ಬೇಲಿಯನ್ನು ಗಟ್ಟಿಯಾಗಿ ಕಡಿದು ತಗ್ಗಿಸಬೇಕಾದರೆ ಅದಕ್ಕೆ ಸರಿಯಾದ ಹೊತ್ತು ರೋಹಿಣಿ ಮಳೆ ಮುಗಿದು ಮೃಗಶಿರಾ ಮಳೆ ಹಿಡಿಯುವ ಸಮಯ. ಅಂದರೆ ಜೂನ್ ತಿಂಗಳ ಮೊದಲ ವಾರಗಳು. ಮಳೆಯ ಭರವಸೆ ಮುಂದಿರುವುದರಿಂದ ಕಡಿದಲ್ಲೆಲ್ಲ ಚಿಗುರು ಒಡೆಯುತ್ತದೆ. ಆಮೇಲಿನ ಸವರುವಿಕೆ ಹಗುರವಾಗಿರಬೇಕು. ಶಾಲೆಯ ಅಂಗಳದ ಮದರಂಗಿ ಅಥವಾ ದುರಂತದ ಸಾಲಿಗೆ ಮಳೆಗಾಲದಲ್ಲಿ ಮೂರು ನಾಲ್ಕು ವಾರಕ್ಕೊಮ್ಮೆ ಕತ್ತರಿ ಬೇಕಾಗುತ್ತದೆ. ಸ್ವಾತಿ ಮಳೆ ಕಳೆದು ಚಳಿ ಬಿದ್ದ ಮೇಲೆ ಆರೆಂಟು ವಾರಕ್ಕೊಮ್ಮೆ ಸಾಕು. ಮಾರ್ಚ್‌ನಿಂದ ಮುಂದೆ ದಾರಿಗೆ ಅಡ್ಡ ಬಂದ ಕುಡಿಗಳನ್ನು ಬಿಟ್ಟು ಮತ್ತೇನನ್ನೂ ಮುಟ್ಟಬಾರದು. ನೀರು ಹಾಯಿಸುವ ತೋಟದಲ್ಲಿ ಈ ಲೆಕ್ಕ ಬದಲಾಗುತ್ತದೆ. ಕಾಲುವೆಯ ಬದಿಯ ಬೇಲಿಗೆ ಬೇಸಿಗೆಯೂ ಮಳೆಗಾಲವೇ. ಆದುದರಿಂದ ದಿನಗಳನ್ನು ಎಣಿಸುವುದಕ್ಕಿಂತ ಚಿಗುರನ್ನು ಅಳೆಯುವುದು ಮೇಲು. ಅಂದದ ಬೇಲಿಯಲ್ಲಿ ಹೊಸ ಚಿಗುರು ನಾಲ್ಕು ಬೆರಳು ಬೆಳೆದಾಗ, ಹೊಲದ ಬೇಲಿಯಲ್ಲಿ ಒಂದು ಗೇಣು ದಾಟಿದಾಗ, ಕತ್ತರಿಯ ಕಾಲ ಬಂತೆಂದು ತಿಳಿಯಬೇಕು.

ಗಿಡದಿಂದ ಗಿಡಕ್ಕೂ ವ್ಯತ್ಯಾಸವುಂಟು. ಮದರಂಗಿಯು ಎಷ್ಟು ಕತ್ತರಿಸಿದರೂ ಬೇಸರಪಡದ ಗಿಡ. ರಾಜಸ್ಥಾನದ ಸೋಜತ್ ಸೀಮೆಯಲ್ಲಿ ಇದನ್ನು ಹೊಲಗಟ್ಟಲೆ ಬೆಳೆದು, ಎಲೆಗಾಗಿ ಬುಡದವರೆಗೆ ಕೊಯ್ಯುತ್ತಾರೆ. ಅಲ್ಲಿ ಸವರುವುದೇ ಸುಗ್ಗಿ. ಸೀಮೆಹುಣಸೆಯು ಬೇಗ ಬೆಳೆಯುವ ಮುಳ್ಳಿನ ಗಿಡ; ವರ್ಷಕ್ಕೆ ಮೂರು ಬಾರಿಯಾದರೂ ಸವರದಿದ್ದರೆ ಬೇಲಿಯೆಂಬುದನ್ನು ಮರೆತು ಮರವಾಗಿಬಿಡುತ್ತದೆ. ಕವಳೆಯ ಗಿಡ ಇದಕ್ಕೆ ವಿರುದ್ಧ. ಅದು ನಿಧಾನವಾಗಿ ಬೆಳೆಯುತ್ತದೆ, ಜೋಡಿ ಮುಳ್ಳುಗಳಿಂದ ಹೆಣೆದುಕೊಳ್ಳುತ್ತದೆ, ಮೇಲಾಗಿ ಉಪ್ಪಿನಕಾಯಿಗೆ ಕಾಯಿಯನ್ನೂ ಕೊಡುತ್ತದೆ. ಅದನ್ನು ಕಾಯಿ ಕೊಯ್ದ ಮೇಲೆ ವರ್ಷಕ್ಕೊಮ್ಮೆ ಸವರಿದರೆ ಸಾಕು. ಹೂವಿನ ಕಾಲದಲ್ಲಿ ಕತ್ತರಿ ಹಾಕಿದವನಿಗೆ ಉಪ್ಪಿನಕಾಯಿ ಇಲ್ಲ. ಎಲೆಯಿಲ್ಲದೆ ಹಸಿರು ಕಡ್ಡಿಗಳಂತೆ ನಿಲ್ಲುವ ಕಳ್ಳಿಯನ್ನು ಸವರುವಾಗ ಮಾತ್ರ ಬಹಳ ಎಚ್ಚರ ಬೇಕು. ಅದರ ಹಾಲು ಕಣ್ಣಿಗೆ ಸಿಡಿದರೆ ಅಪಾಯ. ಮಕ್ಕಳು ಆ ಕೆಲಸಕ್ಕೆ ಕೈ ಹಾಕಬಾರದು.

ಈ ಸೀಮೆಯಲ್ಲಿ ಬೇಲಿಯ ಮಾತು ಬಂದಾಗ ಬಳ್ಳಾರಿ ಜಾಲಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಇದರ ತವರು ಅಮೆರಿಕ ಖಂಡ. 1877ರಲ್ಲಿ ಆಂಧ್ರದ ಕಡಪಾ ಸೀಮೆಯ ಕಮಲಾಪುರದಲ್ಲಿ ಇದರ ಬೀಜಗಳನ್ನು ಬಿತ್ತಿದರು. ಮಳೆ ಕಡಿಮೆಯಿರುವ ನಾಡಿನಲ್ಲಿ ಬಡವರಿಗೆ ಸೌದೆ ಸಿಗಲಿ, ಬೋಳು ನೆಲ ಹಸಿರಾಗಲಿ ಎಂಬುದು ತಂದವರ ಉದ್ದೇಶ. ಆ ಉದ್ದೇಶ ಈಡೇರಿತು, ಬೇಡವೆನಿಸುವಷ್ಟು ಈಡೇರಿತು. ಬೇಲಿಗೆಂದು ನೆಟ್ಟರೆ ಇದಕ್ಕಿಂತ ಗಟ್ಟಿಯಾದ ಗಿಡವಿಲ್ಲ. ಬರಗಾಲದಲ್ಲಿಯೂ ಹಸಿರಾಗಿರುತ್ತದೆ, ಆಡು ಇದರ ಎಲೆಯನ್ನು ಮೇಯುವುದಿಲ್ಲ, ಮುಳ್ಳು ಚಪ್ಪಲಿಯನ್ನು ಹಾಯ್ದು ಕಾಲಿಗೆ ತಾಗುತ್ತದೆ. ಆದರೆ ಇದರ ಕಾಯಿ ಸಿಹಿ. ಎಲೆಯನ್ನು ಮುಟ್ಟದ ಆಡು, ಕುರಿ, ದನಗಳು ಕಾಯಿಯನ್ನು ಆಯ್ದು ಆಯ್ದು ತಿನ್ನುತ್ತವೆ. ಗಟ್ಟಿ ಸಿಪ್ಪೆಯ ಬೀಜ ಹೊಟ್ಟೆಯಲ್ಲಿ ಅರಗದೆ, ಆದರೆ ಮೊಳೆಯಲು ಬೇಕಾದಷ್ಟು ಮೆತ್ತಗಾಗಿ, ಸೆಗಣಿಯೊಡನೆ ಹೊರಬೀಳುತ್ತದೆ. ಸೆಗಣಿ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಬೀಜಕ್ಕೆ ಗೊಬ್ಬರ, ತೇವ, ನೆಲ ಮೂರೂ ಒಟ್ಟಿಗೆ ಸಿಕ್ಕಿದ ಹಾಗಾಯಿತು.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಜನ ಆಡಿಕೊಳ್ಳುವ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಒಬ್ಬ ರೈತನಿಗೆ ಒಂದು ಎಕರೆ ಹೊಲವಿದೆ ಎಂದು ಇಟ್ಟುಕೊಳ್ಳೋಣ. ಅದು ಚೌಕವಾಗಿದ್ದರೆ ಒಂದೊಂದು ಬದಿಯೂ ಸುಮಾರು 64 ಮೀಟರ್. ಸುತ್ತಳತೆ ಸುಮಾರು 254 ಮೀಟರ್. ಸುತ್ತಲಿನ ಬೇಲಿ ಸವರುವವರಿಲ್ಲದೆ ಒಂದೇ ಒಂದು ಮೀಟರ್ ಒಳಕ್ಕೆ ಚಾಚಿತು ಎಂದರೆ ಸುಮಾರು 250 ಚದರ ಮೀಟರ್ ನೆಲ ಹೋಯಿತು. ಅದು ಎರಡೂವರೆ ಗುಂಟೆ, ಎಕರೆಯ ಹದಿನಾರನೆಯ ಒಂದು ಪಾಲು. ಕೊಂಬೆಯ ನೆರಳು ಬಿದ್ದ ನೆಲವನ್ನೂ ಬೇರು ಕುಡಿದ ತೇವವನ್ನೂ ಈ ಲೆಕ್ಕದಲ್ಲಿ ಸೇರಿಸಿಲ್ಲ. ಕಂದಾಯದ ಪಹಣಿಯಲ್ಲಿ ಒಂದು ಎಕರೆ ಇದ್ದೇ ಇರುತ್ತದೆ. ರಾಶಿಯ ಕಣದಲ್ಲಿ ಮಾತ್ರ ಹದಿನಾರು ಚೀಲಕ್ಕೆ ಒಂದು ಚೀಲ ಕಾಣುವುದಿಲ್ಲ.

ಬಳ್ಳಾರಿ ಜಾಲಿಯ ಬೇಲಿಯನ್ನು ಇಟ್ಟುಕೊಂಡವನು ಆದುದರಿಂದ ಎತ್ತರವನ್ನು ನೋಡಿ ಸವರಿದರೆ ಸಾಲದು, ಹೂವನ್ನು ನೋಡಿ ಸವರಬೇಕು. ಹಳದಿ ಬಣ್ಣದ ಜಡೆಯಂಥ ಹೂಗೊಂಚಲು ಕಂಡೊಡನೆ, ಕಾಯಿ ಬಲಿಯುವ ಮೊದಲೇ, ಆ ಕೊಂಬೆಗಳನ್ನು ತೆಗೆಯಬೇಕು. ಬೇಸಿಗೆಯಲ್ಲಿ ಕತ್ತರಿ ಬೇಡ ಎಂದು ಮೇಲೆ ಹೇಳಿದ ಮಾತು ಈ ಗಿಡಕ್ಕೆ ಅನ್ವಯಿಸುವುದಿಲ್ಲ. ಇದು ಬಿಸಿಲಿಗೆ ಅಂಜುವ ಗಿಡವಲ್ಲ. ಬೇಲಿಯೇ ಬೇಡವೆಂದು ನೆಲಮಟ್ಟಕ್ಕೆ ಕಡಿದರೆ ಇನ್ನೊಂದು ತೊಂದರೆ. ಮೊದಲು ಹೇಳಿದ ಮಲಗಿರುವ ಮೊಗ್ಗುಗಳು ಇದರ ಬೊಡ್ಡೆಯಲ್ಲಿಯೂ ಇವೆ. ಒಂದು ಕಾಂಡವಿದ್ದಲ್ಲಿ ಹತ್ತು ಕಾಂಡಗಳು ಏಳುತ್ತವೆ. ಇದನ್ನು ನಿಜವಾಗಿ ತೆಗೆಯಬೇಕೆನ್ನುವವನು ಮಣ್ಣು ಅಗೆದು, ಬೇರಿನ ಕೊರಳಿಗಿಂತ ಕೆಳಗೆ ಕಡಿಯಬೇಕು. ಗಿಡ ಬೆರಳು ಗಾತ್ರವಿದ್ದಾಗ ಒಬ್ಬ ಹುಡುಗ ಮಾಡಬಹುದಾದ ಕೆಲಸವದು; ಐದು ವರ್ಷ ಬಿಟ್ಟರೆ ಜೆ.ಸಿ.ಬಿ. ಯಂತ್ರವನ್ನು ಬಾಡಿಗೆಗೆ ತರಬೇಕಾಗುತ್ತದೆ.

ಹಿಂದೆ ಪಾಪಾಸುಕಳ್ಳಿಯೂ ಹೀಗೆಯೇ ಕಾಡಿತ್ತು. ಕೆಂಪು ಬಣ್ಣ ಕೊಡುವ ಹುಳುವನ್ನು ಸಾಕುವುದಕ್ಕೆಂದು ಹೊರದೇಶದಿಂದ ತರಿಸಿದ ಈ ಕಳ್ಳಿಯ ಜಾತಿಗಳು ದಕ್ಷಿಣ ಭಾರತದಲ್ಲಿ ಬೇಲಿಯಿಂದ ಹೊಲಕ್ಕೆ, ಹೊಲದಿಂದ ಊರಿಗೆ ನುಗ್ಗಿದವು. ಕಡಿದು ಬಿಸಾಡಿದ ಒಂದೊಂದು ಪಟ್ಟೆಯೂ ಬೇರು ಬಿಟ್ಟು ಗಿಡವಾಗುತ್ತಿದ್ದುದರಿಂದ ಕಡಿದವನೇ ಬಿತ್ತಿದಂತಾಗುತ್ತಿತ್ತು. 1926ರಲ್ಲಿ ಸಿಂಹಳದಿಂದ ಅದೇ ಕುಲದ ಇನ್ನೊಂದು ಹುಳುವನ್ನು ತಂದು ಬಿಟ್ಟ ಮೇಲೆ ಆ ಕಳ್ಳಿ ಅಡಗಿತು. ಬಳ್ಳಾರಿ ಜಾಲಿಯ ಭಾಗಕ್ಕೆ ಅಂಥ ಹುಳು ಭಾರತದಲ್ಲಿ ಒದಗಿಲ್ಲ. ಕುಡುಗೋಲೇ ಗತಿ.

ದೊಡ್ಡ ಬೇಲಿಗೆ ಎಷ್ಟು ಕೈಗಳು ಬೇಕಾಗುತ್ತವೆ ಎಂಬುದಕ್ಕೆ ಭಾರತದ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. ಬ್ರಿಟಿಷರು ಉಪ್ಪಿನ ತೆರಿಗೆಯನ್ನು ತಪ್ಪಿಸಿ ಸಾಗಿಸುವವರನ್ನು ತಡೆಯಲು ಉತ್ತರದ ಸಿಂಧೂ ನದಿಯ ಕಡೆಯಿಂದ ಮಧ್ಯ ಭಾರತದವರೆಗೂ, ಅಲ್ಲಿಂದ ಪೂರ್ವಕ್ಕೂ, ಒಂದು ಸುಂಕದ ಗಡಿಯನ್ನು ಏರ್ಪಡಿಸಿದ್ದರು. ಮೊದಲು ಅದು ಒಣ ಮುಳ್ಳಿನ ಬೇಲಿ. ಗೆದ್ದಲು ತಿಂದು, ಬೆಂಕಿ ಬಿದ್ದು, ಬಿರುಗಾಳಿಗೆ ಹಾರಿ ಅದು ನಿಲ್ಲಲಿಲ್ಲ. 1867ರಲ್ಲಿ ಆ ಇಲಾಖೆಯ ಮುಖ್ಯಸ್ಥರಾದ ಅಲನ್ ಆಕ್ಟೇವಿಯನ್ ಹ್ಯೂಮ್ ಅವರು ಅದರ ಬದಲಿಗೆ ಹಸಿರು ಬೇಲಿಯನ್ನು ಬೆಳೆಸಲು ತೊಡಗಿದರು. ಮುಂದೆ 1885ರಲ್ಲಿ ಕಾಂಗ್ರೆಸ್ ಸಂಸ್ಥೆಯ ಸ್ಥಾಪನೆಗೆ ಕಾರಣರಾದವರೂ ಇವರೇ. ಜಾಲಿ, ಬೋರೆ, ಕವಳೆ, ಕಳ್ಳಿಗಳಿಂದ ಬೆಳೆದ ಆ ಬೇಲಿ ಚೆನ್ನಾಗಿ ಬಂದ ಕಡೆಗಳಲ್ಲಿ ಎರಡಾಳಿನೆತ್ತರವಾಯಿತು. ಗಡಿಯ ಕಾವಲಿಗೂ ಬೇಲಿಯ ಆರೈಕೆಗೂ 12,000ಕ್ಕೂ ಹೆಚ್ಚು ಮಂದಿ ಇದ್ದರು. 1879ರಲ್ಲಿ ಆ ಗಡಿಯನ್ನು ರದ್ದುಗೊಳಿಸಿದರು. ನೋಡುವವರು ಇಲ್ಲದಾದ ಮೇಲೆ ಅದು ಎಷ್ಟು ಬೇಗ ಅಳಿಯಿತೆಂದರೆ, 1998ರಲ್ಲಿ ರಾಯ್ ಮೋಕ್ಸಮ್ ಎಂಬ ಇಂಗ್ಲಿಷ್ ಲೇಖಕರು ಹುಡುಕುತ್ತ ಬಂದಾಗ ಉತ್ತರ ಪ್ರದೇಶದ ಇಟಾವಾ ಜಿಲ್ಲೆಯಲ್ಲಿ ಒಂದು ಸಣ್ಣ ತುಣುಕು ಮಾತ್ರ ಸಿಕ್ಕಿತು. ಜನರ ಬಾಯಿಂದ ಉಪ್ಪನ್ನು ಕಸಿದ ಬೇಲಿ ಅಳಿದುದಕ್ಕೆ ಯಾರೂ ಮರುಗಬೇಕಾಗಿಲ್ಲ.

ಬೇಲಿಯನ್ನು ಸವರಲು ಹೊರಟವನು ಕತ್ತರಿ ಹಾಕುವ ಮೊದಲು ಒಮ್ಮೆ ಬಗ್ಗಿ ಒಳಗೆ ನೋಡಬೇಕು. ಹೊರಗೆ ಮುಳ್ಳು, ಒಳಗೆ ನೆರಳು ಇರುವ ಸ್ಥಳ ಹಕ್ಕಿಗಳಿಗೆ ಬಲು ಇಷ್ಟ. ಪಿಕಳಾರ, ಬೆಳವ, ಎಲೆಗಳನ್ನು ಹೊಲಿದು ಗೂಡು ಮಾಡುವ ದರ್ಜಿಹಕ್ಕಿ ಇವೆಲ್ಲ ಬೇಲಿಯಲ್ಲಿ ಮೊಟ್ಟೆ ಇಡುತ್ತವೆ. ಇವು ಹೊಲದ ಹುಳುಗಳನ್ನು ಹೆಕ್ಕುವುದರಿಂದಲೂ ಕಾಳನ್ನು ಆಯುವುದರಿಂದಲೂ ರೈತನಿಗೆ ಲಾಭ ನಷ್ಟ ಎರಡೂ ಉಂಟು. ಆ ಲೆಕ್ಕ ಹೇಗೇ ಇರಲಿ, ಕಣ್ಣು ತೆರೆಯದ ಮರಿಯ ಗೂಡನ್ನು ಕತ್ತರಿಸಿ ಕೆಡಹುವುದು ಯಾರಿಗೂ ಒಪ್ಪುವ ಕೆಲಸವಲ್ಲ. ಇಂಗ್ಲೆಂಡಿನಲ್ಲಿ ಇದಕ್ಕೆ ಕಾನೂನೇ ಇದೆ. 2024ರ ನಿಯಮಗಳ ಪ್ರಕಾರ ಅಲ್ಲಿಯ ರೈತರು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಹೊಲದ ಬೇಲಿಯನ್ನು ಸಾಮಾನ್ಯವಾಗಿ ಕತ್ತರಿಸುವಂತಿಲ್ಲ. ನಮ್ಮ ನಾಡಿನಲ್ಲಿ ಹಕ್ಕಿಗಳ ಗೂಡಿನ ಕಾಲ ಒಂದೇ ಸಮನಾಗಿಲ್ಲ. ಬೇಸಿಗೆಯಲ್ಲಿ ಕೆಲವು, ಮಳೆಗಾಲದಲ್ಲಿ ಕೆಲವು. ಗೂಡು ಕಂಡರೆ ಅದರ ಎಡಬಲಕ್ಕೆ ಒಂದೆರಡು ಮಾರು ಬಿಟ್ಟು ಉಳಿದುದನ್ನು ಸವರಬಹುದು. ಪಿಕಳಾರದ ಮೊಟ್ಟೆ ಒಡೆದು ಮರಿ ಹಾರಿಹೋಗಲು ನಾಲ್ಕು ವಾರ ಸಾಕು. ಅಷ್ಟರಲ್ಲಿ ಬೇಲಿ ಹೆಚ್ಚೆಂದರೆ ಒಂದು ಗೇಣು ಬೆಳೆದೀತು.

ನೆರೆಹೊರೆಯ ಎರಡು ಹೊಲಗಳ ನಡುವಿನ ಬೇಲಿಯನ್ನು ಸವರುವವರು ಯಾರು ಎಂಬುದು ಹಳ್ಳಿಗಳಲ್ಲಿ ಎಂದಿನಿಂದಲೂ ಇರುವ ತಕರಾರು. ಒಬ್ಬನು ತನ್ನ ಕಡೆ ಮಾತ್ರ ಸವರಿದರೆ ಬೇಲಿ ಇನ್ನೊಬ್ಬನ ಕಡೆಗೆ ವಾಲುತ್ತ ಬೆಳೆಯುತ್ತದೆ. ಕೆಲವು ವರ್ಷಗಳ ಮೇಲೆ ಬೇಲಿಯ ಬೊಡ್ಡೆ ಎಲ್ಲಿತ್ತು ಎಂಬುದೇ ಜಗಳದ ವಿಷಯವಾಗಿ, ಸರ್ವೆಯವರನ್ನು ಕರೆಸಬೇಕಾಗುತ್ತದೆ. ಮುಂಗಾರು ಹಿಡಿಯುವ ಮೊದಲು ಎರಡೂ ಮನೆಯವರು ಒಂದೇ ದಿನ ಕೂಡಿ ಎರಡೂ ಬದಿ ಸವರುವ ಪದ್ಧತಿ ಇರುವಲ್ಲಿ ಬೇಲಿ ನೇರವಾಗಿರುತ್ತದೆ. ಆ ದಿನ ಒಂದು ಮನೆಯ ರೊಟ್ಟಿ, ಇನ್ನೊಂದು ಮನೆಯ ಪಲ್ಯ.

ಸವರಿದ ಕೊಂಬೆಗಳನ್ನು ಅಲ್ಲಿಯೇ ಬಿಟ್ಟು ಬರಬಾರದು. ಮುಳ್ಳಿಲ್ಲದ ಸೊಪ್ಪು ತಿಪ್ಪೆಗೆ ಹೋಗಲಿ, ಅದು ಗೊಬ್ಬರವಾಗುತ್ತದೆ. ಮದರಂಗಿಯ ಎಲೆಯನ್ನು ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿ ಇಟ್ಟುಕೊಳ್ಳಬಹುದು. ಬಳ್ಳಾರಿ ಜಾಲಿಯ ದಪ್ಪ ತುಂಡುಗಳು ಒಳ್ಳೆಯ ಸೌದೆ, ಅದರ ಇದ್ದಿಲಿಗೂ ಬೆಲೆಯುಂಟು. ಕಾಯಿ ಇರುವ ಕೊಂಬೆಗಳನ್ನು ಮಾತ್ರ ದನಗಳಿಗೆ ಸಿಗದಂತೆ ಬೇರೆಯಾಗಿ ಒಟ್ಟಿ ಸುಡಬೇಕು. ಉಳಿದ ಮುಳ್ಳುಕೊಂಬೆಗಳನ್ನು ಕವೆಗೋಲಿನಿಂದ ಎಳೆದೊಯ್ದು ಬೇಲಿಯ ಬುಡದಲ್ಲಿ ಕಂಡಿ ಬಿದ್ದಿರುವಲ್ಲಿ ತುರುಕಿದರೆ, ಅಲ್ಲಿ ನೆಟ್ಟ ಹೊಸ ಸಸಿಗೆ ಒಂದು ಮಳೆಗಾಲದ ಮಟ್ಟಿಗೆ ಆಡಿನ ಬಾಯಿಂದ ರಕ್ಷಣೆ ಸಿಗುತ್ತದೆ. ಮುಂದಿನ ಮೃಗಶಿರಾ ಮಳೆಯ ಹೊತ್ತಿಗೆ ಆ ಒಣ ಮುಳ್ಳು ಗೆದ್ದಲು ಹಿಡಿದು ಉದುರಿರುತ್ತದೆ. ಸಸಿಯು ಒಂದು ಗೇಣಿಗೆ ತುಂಡರಿಸುವಷ್ಟು ಬೆಳೆದಿರುತ್ತದೆ.